ವೆಬ್‌ಸೈಟಿಗೆ ಬಂದು ಹೋದವರು ಯಾರೆಂದು ತಿಳಿಯುವುದು ಎಲ್ಲಿಯವರೆಗೆ ಸರಿ?

ಪ್ರಶ್ನೆ: ಹರಿಹರದ ಬಿಡಿಭಾಗ ತಯಾರಕ

ಎಲ್ಲರಿಗೂ ನಮಸ್ಕಾರ. ಎಣ್ಣೆ ಗಿರಣಿಗಳಲ್ಲಿ ಬೀಜ ಹಿಂಡುವ ಯಂತ್ರಗಳಾದ ಎಕ್ಸ್‌ಪೆಲ್ಲರ್‌ಗಳಿಗೆ ಬೇಕಾದ ವರ್ಮ್ (ಬೀಜವನ್ನು ಒತ್ತುತ್ತಾ ತಳ್ಳುವ ತಿರುಪು), ಕೇಜ್ ಬಾರ್ (ಅದರ ಸುತ್ತಲಿನ ಪಂಜರದ ಪಟ್ಟಿ) ಮುಂತಾದ ಬಿಡಿಭಾಗಗಳನ್ನು ನಾವು ಹರಿಹರದಲ್ಲಿ ತಯಾರಿಸುತ್ತೇವೆ. ತಂದೆಯವರ ಕಾಲದಲ್ಲಿ ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿಯವರು ಸವೆದ ವರ್ಮನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು ನಮ್ಮ ಮೇಜಿನ ಮೇಲೆ ಇಡುತ್ತಿದ್ದರು. ಅದರ ಸವೆತವನ್ನು ನೋಡಿಯೇ ಯಾವ ಗಿರಣಿಯ ಯಂತ್ರ ಎಂಬುದನ್ನು ತಂದೆಯವರು ಹೇಳುತ್ತಿದ್ದರು. ಈಗ ಎರಡು ವರ್ಷಗಳಿಂದ ನಮ್ಮದೊಂದು ವೆಬ್‌ಸೈಟ್ ಇದೆ. ತಿಂಗಳಿಗೆ ಸುಮಾರು 600 ಜನ ನೋಡುತ್ತಾರೆ, ವಿಚಾರಣೆ ಬರುವುದು ಐದೋ ಆರೋ. ಉಳಿದವರು ಯಾರು, ಏನನ್ನು ಹುಡುಕಿ ಬಂದರು, ಏಕೆ ಮರಳಿದರು ಎಂಬುದು ತಿಳಿಯುವುದೇ ಇಲ್ಲ.

ಕಳೆದ ವಾರ ಒಂದು ಏಜೆನ್ಸಿಯವರು ಬಂದು, ತಾವು ಕೊಡುವ ಒಂದು ಸಾಲಿನ ಕೋಡ್ ಸೇರಿಸಿದರೆ ಸಾಕು, ನೋಡಿದ ಕಂಪನಿಯ ಹೆಸರಷ್ಟೇ ಅಲ್ಲದೆ ನೋಡಿದ ವ್ಯಕ್ತಿಯ ಹೆಸರು, ಮೊಬೈಲ್ ಸಂಖ್ಯೆಯನ್ನೂ ಕೊಡುತ್ತೇವೆ ಎಂದರು. ನಾನು ಒಪ್ಪುವುದರಲ್ಲಿದ್ದೆ. ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಮಗಳು, “ಅಪ್ಪಾ, ಅವರು ನಮಗೆ ನಂಬರ್ ಕೊಟ್ಟೇ ಇಲ್ಲವಲ್ಲ, ಎಲ್ಲಿಂದ ಸಿಕ್ಕಿತು ಎಂದು ಕೇಳಿದರೆ ಏನು ಹೇಳುತ್ತೀರಿ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಇದು ತಾಂತ್ರಿಕವಾಗಿ ಸಾಧ್ಯವೇ, ಕಾನೂನು ಏನು ಹೇಳುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ. ಜರ್ಮನಿಯಿಂದಲೂ ಎರಡು ವಿಚಾರಣೆಗಳು ಬಂದಿವೆ ಎಂಬುದನ್ನೂ ಸೇರಿಸುತ್ತೇನೆ.

ಉತ್ತರ 1: ಸರ್ವರ್ ನಿರ್ವಾಹಕ, ದಾವಣಗೆರೆ

ಸರ್, ತಾಂತ್ರಿಕ ಭಾಗವನ್ನಷ್ಟೇ ಹೇಳುತ್ತೇನೆ. ನಿಮ್ಮ ಪುಟವನ್ನು ಯಾರಾದರೂ ತೆರೆದರೆ ಅವರ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಸಮಯ, ತೆರೆದ ಪುಟ, ಬಳಸಿದ ಬ್ರೌಸರ್ ಇಷ್ಟು ವೆಬ್‌ಸೈಟ್ ಇರುವ ಕಂಪ್ಯೂಟರಿನ ದಾಖಲೆಯಾದ ಸರ್ವರ್ ಲಾಗ್‌ನಲ್ಲಿ ತಾನಾಗಿಯೇ ದಾಖಲಾಗುತ್ತವೆ. ಯಾವ ಕೊಂಡಿಯಿಂದ ಬಂದರು ಎಂಬುದೂ ಹಲವು ಸಲ ಸಿಗುತ್ತದೆ. ಐಪಿ ವಿಳಾಸವು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನು ಸಾರ್ವಜನಿಕ ದಾಖಲೆಗಳಲ್ಲಿ ನೋಡಬಹುದು. ಸ್ವಂತ ವಿಳಾಸ ಶ್ರೇಣಿ ಪಡೆದಿರುವ ದೊಡ್ಡ ಕಂಪನಿ ಅಥವಾ ವಿಶ್ವವಿದ್ಯಾಲಯವಾದರೆ ಅದರ ಹೆಸರೇ ಬರುತ್ತದೆ. ನಿಮ್ಮ ಗಿರಾಕಿಗಳು ಅಂಥವರಲ್ಲ. ಗಿರಣಿಯ ಮಾಲೀಕರು ಬ್ರಾಡ್‌ಬ್ಯಾಂಡ್‌ನಿಂದ ನೋಡಿದರೆ ಬಿಎಸ್‌ಎನ್‌ಎಲ್ ಎಂದೋ, ಮೊಬೈಲ್‌ನಿಂದ ನೋಡಿದರೆ ಜಿಯೋ ಅಥವಾ ಏರ್‌ಟೆಲ್ ಎಂದೋ ಕಾಣಿಸುತ್ತದೆ. ಮೊಬೈಲ್ ಜಾಲದಲ್ಲಿ ಒಂದೇ ಐಪಿ ವಿಳಾಸವನ್ನು ಒಂದೇ ಹೊತ್ತಿನಲ್ಲಿ ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ, ಆದ್ದರಿಂದ ಅದರಿಂದ ಒಂದು ಗಿರಣಿಯನ್ನು ಬೇರ್ಪಡಿಸಲು ಹೊರಗಿನವರಿಗೆ ದಾರಿಯಿಲ್ಲ.

ಹಾಗಾದರೆ ಮೊಬೈಲ್ ಸಂಖ್ಯೆ ಕೊಡುತ್ತೇವೆ ಎನ್ನುವವರು ಅದನ್ನು ಎಲ್ಲಿಂದ ತರುತ್ತಾರೆ? ಐಪಿ ವಿಳಾಸದಿಂದಂತೂ ಅಲ್ಲ. ಆ ವ್ಯಕ್ತಿ ಬೇರೆಲ್ಲೋ, ಬೇರೆ ಯಾವುದೋ ಉದ್ದೇಶಕ್ಕೆ ಕೊಟ್ಟ ವಿವರವನ್ನು ಕುಕೀ (ಬ್ರೌಸರಿನಲ್ಲಿ ಉಳಿಯುವ ಪುಟ್ಟ ಗುರುತಿನ ಕಡತ) ಮೂಲಕ ನಿಮ್ಮ ಪುಟದ ಭೇಟಿಗೆ ಜೋಡಿಸಿರಬೇಕು, ಇಲ್ಲವೇ ಕಂಪನಿಯ ಹೆಸರು ಹಿಡಿದು ಅಲ್ಲಿನ ಯಾರೋ ಒಬ್ಬ ನೌಕರರ ಸಂಖ್ಯೆಯನ್ನು ಊಹೆಯಿಂದ ಕೊಟ್ಟಿರಬೇಕು. ಹಣ ಕೊಡುವ ಮೊದಲು ಈ ಪ್ರಶ್ನೆಯನ್ನು ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲಿಯೇ ಉತ್ತರ ಪಡೆಯಿರಿ.

ಉತ್ತರ 2: ವಕೀಲರು, ಚಿತ್ರದುರ್ಗ

ನಿಮ್ಮ ಮಗಳು ಕೇಳಿದ ಪ್ರಶ್ನೆಯೇ ಈ ಕಾನೂನಿನ ತಿರುಳು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ನಿಮ್ಮಂಥ ವ್ಯವಹಾರಸ್ಥರ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ.

ಈ ಕಾಯ್ದೆ ಕಾಪಾಡುವುದು ವ್ಯಕ್ತಿಯ ದತ್ತಾಂಶವನ್ನು, ಕಂಪನಿಯದನ್ನಲ್ಲ. ಇಂಥ ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಯಾರೋ ನಮ್ಮ ಪುಟ ನೋಡಿದರು ಎಂಬಲ್ಲಿಗೆ ನಿಂತರೆ ತೊಡಕು ಕಡಿಮೆ. ಆದರೆ ನಮ್ಮ ಕಡೆಯ ಗಿರಣಿಗಳಲ್ಲಿ ಎಷ್ಟೋ ಒಬ್ಬರೇ ಮಾಲೀಕರವು, ಫಲಕದ ಮೇಲೆ ಇರುವುದೂ ಮಾಲೀಕರ ಹೆಸರೇ. ಅಲ್ಲಿ ಸಂಸ್ಥೆಯನ್ನು ಗುರುತಿಸಿದರೆ ವ್ಯಕ್ತಿಯನ್ನೇ ಗುರುತಿಸಿದಂತೆ. ಹೆಸರು ಮತ್ತು ಸಂಖ್ಯೆಯ ಮಟ್ಟಕ್ಕೆ ಬಂದರಂತೂ ಸಮ್ಮತಿ ಬೇಕು: ಅದು ಒತ್ತಾಯವಿಲ್ಲದ, ನಿರ್ದಿಷ್ಟ ಉದ್ದೇಶಕ್ಕೆ ತಿಳಿದು ಕೊಟ್ಟ ಸಮ್ಮತಿಯಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆಂದೂ ಕಾಯ್ದೆ ಹೇಳುತ್ತದೆ, ಅಂದರೆ ಕನ್ನಡದಲ್ಲಿ ಓದುವುದು ನಿಮ್ಮ ಗಿರಾಕಿಯ ಹಕ್ಕು. ಒಬ್ಬರು ತಾವಾಗಿಯೇ ಒಂದು ಉದ್ದೇಶಕ್ಕೆ ಸಂಖ್ಯೆ ಕೊಟ್ಟಿದ್ದರೆ ಆ ಉದ್ದೇಶಕ್ಕೆ ಬಳಸಲು ಅಡ್ಡಿಯಿಲ್ಲ. ಬೆಲೆ ಕೇಳಿದವರಿಗೆ ಬೆಲೆ ತಿಳಿಸಲು ಫೋನ್ ಮಾಡಬಹುದು.

ಏಜೆನ್ಸಿಯವರು ತಂದುಕೊಟ್ಟರು, ನಮಗೇನೂ ಗೊತ್ತಿಲ್ಲ ಎಂದು ಜಾರಿಕೊಳ್ಳಲು ಬರುವುದಿಲ್ಲ. ಅವರು ನಿಮ್ಮ ಪರವಾಗಿ ಮಾಡುವ ಕೆಲಸಕ್ಕೂ ಕಾಯ್ದೆಯು ನಿಮ್ಮನ್ನೇ ಹೊಣೆಯಾಗಿಸುತ್ತದೆ. ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಅದು ಗರಿಷ್ಠ ಮಿತಿ, ಸಣ್ಣ ಘಟಕಕ್ಕೂ ಅಷ್ಟೂ ಬೀಳುತ್ತದೆ ಎಂದಲ್ಲ, ಆದರೆ ಸಣ್ಣವರೆಂಬ ಕಾರಣಕ್ಕೆ ಹೊಣೆಯೇ ಇಲ್ಲವೆಂದೂ ಅಲ್ಲ.

ಜರ್ಮನಿಯ ವಿಷಯ ಇನ್ನೂ ಬಿಗಿ. ಯುರೋಪಿಯನ್ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ 2018ರ ಮೇ 25ರಿಂದ ಅನ್ವಯದಲ್ಲಿದೆ. ಯುರೋಪಿನಲ್ಲಿರುವವರಿಗೆ ಸರಕು ಮಾರಲು ಮುಂದಾದರೆ ಅಥವಾ ಅವರ ನಡವಳಿಕೆಯನ್ನು ಗಮನಿಸುತ್ತಾ ಹೋದರೆ ನೀವು ಹರಿಹರದಲ್ಲಿದ್ದರೂ ಅದು ನಿಮಗೆ ಅನ್ವಯಿಸಬಹುದು. ಬದಲಾಗುತ್ತಿರುವ ಐಪಿ ವಿಳಾಸ ಕೂಡ ವೈಯಕ್ತಿಕ ದತ್ತಾಂಶವಾಗಬಹುದು ಎಂದು ಯುರೋಪಿನ ನ್ಯಾಯಾಲಯ 2016ರಲ್ಲೇ ಹೇಳಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಸಮ್ಮತಿ ಎನ್ನಲಾಗದು ಎಂದು 2019ರಲ್ಲಿ ಅದೇ ನ್ಯಾಯಾಲಯ ತೀರ್ಪು ನೀಡಿತು.

ಉತ್ತರ 3: ಮಂಡಕ್ಕಿ ಭಟ್ಟಿ ಯಂತ್ರಗಳ ವ್ಯಾಪಾರಿ, ದಾವಣಗೆರೆ

ನಾನು ಇಂಥದೇ ಒಂದು ಸೇವೆಯನ್ನು ಮೂರು ತಿಂಗಳು ಬಳಸಿ ಬಿಟ್ಟವನು. ವರದಿಯ ಸಾಲುಗಳಲ್ಲಿ ಬಹುಪಾಲು ಇಂಟರ್ನೆಟ್ ಕಂಪನಿಗಳ ಹೆಸರೇ ಇತ್ತು. ಒಂದು ಕಾಲೇಜು ಪದೇ ಪದೇ ಕಾಣಿಸಿಕೊಂಡಿತು. ವಿಚಾರಿಸಿದರೆ ಯಾರೋ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗಾಗಿ ನೋಡಿದ್ದರು. ಕೊಟ್ಟಿದ್ದ ಮೊಬೈಲ್ ಸಂಖ್ಯೆಗಳಲ್ಲಿ ಒಂದಕ್ಕೆ ಫೋನ್ ಮಾಡಿದಾಗ, ಆ ಕಡೆಯವರು ನಮ್ಮ ಪುಟವನ್ನೇ ನೋಡಿರಲಿಲ್ಲ. “ನನ್ನ ನಂಬರ್ ನಿಮಗೆ ಕೊಟ್ಟವರು ಯಾರು?” ಎಂದು ಅವರು ಕೇಳಿದ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಅಂದೇ ಕೋಡ್ ತೆಗೆಸಿದೆ.

ನಂತರ ನಾವು ಮಾಡಿದ್ದು ಫಾರ್ಮ್ ಬದಲಾವಣೆ. ಮೊದಲು ಅದರಲ್ಲಿ ಹನ್ನೊಂದು ಪ್ರಶ್ನೆಗಳಿದ್ದವು, ಅದೂ ಇಂಗ್ಲಿಷಿನಲ್ಲಿ. ಈಗ ಮೂರೇ: ಯಾವ ಯಂತ್ರ, ಯಾವ ಊರು, ಯಾವ ಸಂಖ್ಯೆಗೆ ಉತ್ತರಿಸಬೇಕು. ವಿಚಾರಣೆಗಳು ಕಣ್ಣಿಗೆ ಕಾಣುವಷ್ಟು ಹೆಚ್ಚಿದವು. ನಿಮ್ಮಲ್ಲಾದರೆ ಸವೆದ ವರ್ಮಿನ ಫೋಟೋ ಕಳಿಸುವ ಅವಕಾಶ ಇಟ್ಟು ನೋಡಿ, ಗಿರಣಿಯವರಿಗೆ ಅಳತೆ ಬರೆಯುವುದಕ್ಕಿಂತ ಫೋಟೋ ತೆಗೆಯುವುದು ಸುಲಭ.

ಉತ್ತರ 4: ಸರ್ವರ್ ನಿರ್ವಾಹಕ, ದಾವಣಗೆರೆ

ಮೇಲಿನವರ ಮಾತಿಗೆ ಒಂದೆರಡು ಸೇರಿಸುತ್ತೇನೆ. ಯಾವ ಪುಟವನ್ನು ಎಷ್ಟು ಜನ, ಯಾವ ಕಡೆಯಿಂದ ನೋಡಿದರು ಎಂಬುದಷ್ಟೇ ಸಾಕಾದರೆ ಮಟೊಮೊದಂಥ ತಂತ್ರಾಂಶವನ್ನು ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಂಡು, ಐಪಿ ವಿಳಾಸದ ಕೊನೆಯ ಭಾಗವನ್ನು ಅಳಿಸಿಯೇ ದಾಖಲಿಸುವಂತೆ ಹೊಂದಿಸಬಹುದು. ಆದರೆ ಸರ್ವರಿನ ಮೂಲ ಲಾಗ್‌ಗಳನ್ನು ಅವಸರದಿಂದ ಅಳಿಸಬೇಡಿ. ಸೈಬರ್ ಭದ್ರತೆಗಾಗಿ ಅವುಗಳನ್ನು 180 ದಿನ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶನ ನೀಡಿದೆ. ಅವನ್ನು ಬೀಗ ಹಾಕಿದ ಕಪಾಟಿನಂತೆ ಬೇರೆಯಾಗಿಯೇ ಇಡಿ, ಮಾರಾಟ ವಿಭಾಗದವರ ಕೈಗೆ ಕೊಡಬೇಡಿ.

ಪ್ರಶ್ನಿಸಿದವರು: ಹರಿಹರದ ಬಿಡಿಭಾಗ ತಯಾರಕ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಂಖ್ಯೆಗಳ ಮೂಲ ಯಾವುದೆಂದು ಏಜೆನ್ಸಿಗೆ ಬರೆದು ಕೇಳಿದೆ. “ಅದು ನಮ್ಮ ವ್ಯವಹಾರದ ಗುಟ್ಟು” ಎಂಬ ಉತ್ತರ ಬಂತು, ಹಾಗಾಗಿ ಬೇಡವೆಂದು ತಿಳಿಸಿದ್ದೇನೆ. ಮಗಳು ಫಾರ್ಮ್‌ನ ಕೆಳಗೆ ಹಾಕಲು ಈ ಸಾಲುಗಳನ್ನು ಬರೆದಿದ್ದಾಳೆ: “ನೀವು ಕೊಡುವ ಸಂಖ್ಯೆಯನ್ನು ಈ ವಿಚಾರಣೆಗೆ ಉತ್ತರಿಸಲು ಮಾತ್ರ ಬಳಸುತ್ತೇವೆ. ಹೊಸ ಬಿಡಿಭಾಗಗಳ ಸುದ್ದಿಯೂ ಬೇಕಿದ್ದರೆ ಪಕ್ಕದ ಚೌಕಕ್ಕೆ ನೀವೇ ಟಿಕ್ ಹಾಕಿ. ಬೇಡವೆನಿಸಿದ ದಿನ ‘ಬೇಡ’ ಎಂದು ಸಂದೇಶ ಕಳಿಸಿದರೆ ಸಾಕು, ಸುದ್ದಿ ನಿಲ್ಲಿಸಿ ನಿಮ್ಮ ಸಂಖ್ಯೆಯನ್ನು ಅಳಿಸುತ್ತೇವೆ.” ಚೌಕವನ್ನು ಖಾಲಿ ಬಿಟ್ಟಿದ್ದೇವೆ. ಇದರಲ್ಲಿ ತಿದ್ದಬೇಕಾದುದು ಏನಾದರೂ ಇದ್ದರೆ ವಕೀಲರು ದಯವಿಟ್ಟು ತಿಳಿಸಬೇಕು, ಸೋಮವಾರ ಫಾರ್ಮ್ ಬದಲಾಯಿಸುತ್ತೇವೆ.