ಸಹಾಯ ಬೇಕು: ಆನಾಪಾನಸತಿ ಸುತ್ತದ ಕನ್ನಡ ಆಡಿಯೊ

ನಮಸ್ಕಾರ. ಕೆಲಸಕ್ಕೆ ಹೋಗಿಬರುವ ದಾರಿಯಲ್ಲೇ ಬೌದ್ಧ ಧರ್ಮ ಕಲಿಯುವವರಿಗಾಗಿ ಪಾಡ್‌ಕಾಸ್ಟ್ ಪಟ್ಟಿ ಮಾಡುತ್ತಿದ್ದೇವೆ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಮಜ್ಝಿಮ ನಿಕಾಯದ 118ನೇ ಸುತ್ತ (ಉಪದೇಶ) ಆನಾಪಾನಸತಿ; ಉಸಿರಿನ ಮೇಲೆ ಅರಿವಿಡುವುದನ್ನು ಕಲಿಸುತ್ತದೆ. ಅದರ ಕನ್ನಡ ವಾಚನ ಬೇಕು. ಎಲ್ಲಾದರೂ ಇದ್ದರೆ ತಿಳಿಸಿ. ಓದಿ ರೆಕಾರ್ಡ್ ಮಾಡಿಕೊಡುವವರಿದ್ದರೆ ಇನ್ನೂ ಸಂತೋಷ.

ಅದರಲ್ಲಿ ಉಸಿರಿನ ಧ್ಯಾನದ 16 ಹಂತಗಳು ಕಾಯ (ದೇಹ), ವೇದನೆ (ನೋವಷ್ಟೇ ಅಲ್ಲ, ಸುಖ-ದುಃಖಗಳ ಅನುಭವ), ಚಿತ್ತ (ಮನಸ್ಸು), ಧಮ್ಮ (ಅನಿತ್ಯತೆಯಂಥ ಸತ್ಯಗಳು) ಎಂದು ನಾಲ್ಕು ನಾಲ್ಕಾಗಿ ಬರುತ್ತವೆ. ಗುಂಪಿಗೊಂದು ಫೈಲ್ ಇರಲಿ. ಒಂದೇ ಉದ್ದದ ಫೈಲಾದರೆ ಬಸ್ ಇಳಿಯುವಾಗ ನಡುವೆ ನಿಂತು, ಮರುದಿನ ಎಳೆ ಸಿಗುವುದಿಲ್ಲ. ಪ್ರತಿ ಹಂತದ ನಂತರ ಎರಡು ಉಸಿರಿನಷ್ಟು ಬಿಡುವು ಕೊಡಿ. ಹಿನ್ನೆಲೆ ಸಂಗೀತ ಖಂಡಿತ ಬೇಡ. ರಸ್ತೆಯ ಸದ್ದಿನೊಡನೆ ಸೇರಿ ಮಾತನ್ನೇ ನುಂಗಿಬಿಡುತ್ತದೆ.

ಪಟ್ಟಿಗಾಗಿ ಧ್ಯಾನ ಶಿಬಿರಗಳ ಇಂಗ್ಲಿಷ್ ಪ್ರವಚನಗಳನ್ನು ದಿನವಾರು ಜೋಡಿಸಲೂ ಒಬ್ಬರು ಬೇಕು. ಆಪ್‌ಗಳು ಹೊಸ ಕಂತನ್ನೇ ಮೇಲೆ ತೋರಿಸುವುದರಿಂದ ಕೊನೆಯ ದಿನದ ಮಾತು ಮೊದಲು ಕಿವಿಗೆ ಬೀಳುತ್ತದೆ. ಧ್ಯಾನ ಮಾಡಿಸುವ ಕಂತುಗಳನ್ನು ಬೇರೆ ಇಡಿ, ಅವು ಗಾಡಿ ಓಡಿಸುತ್ತ ಕೇಳುವಂಥವಲ್ಲ.