ಕಾಫಿ ಬಿಡಬೇಡಿ ಅತ್ತೆ, ಹೊತ್ತು ಬದಲಾಯಿಸಿ

ದೊಡ್ಡಪ್ಪ, ಬೆಳಗ್ಗೆ ನೀವು ಗ್ರೂಪಿಗೆ ಹಾಕಿದ ಫಾರ್ವರ್ಡ್ ಈಗಷ್ಟೇ ನೋಡಿದೆ. ಚಿಕೋರಿ ವಿಷ, ಸಕ್ಕರೆ ಬದಲು ಬೆಲ್ಲ ಹಾಕಿದರೆ ಕಾಫಿ ಎಷ್ಟು ಕುಡಿದರೂ ಏನೂ ಆಗಲ್ಲ ಅಂತ ಇದೆ. ಅದನ್ನು ಓದಿ ಅತ್ತೆ ಕಾಫಿಪುಡಿ ಡಬ್ಬಿಯನ್ನೇ ಪಕ್ಕದ ಮನೆಗೆ ಕೊಟ್ಟುಬಿಟ್ಟರಂತೆ. ಸ್ವಲ್ಪ ಉದ್ದ ಆಗುತ್ತದೆ, ಎಲ್ಲರೂ ಪೂರ್ತಿ ಕೇಳಿ.

ಮೊದಲು ಚಿಕೋರಿ. ಅದು ಒಂದು ಗಿಡದ ಬೇರು. ಒಣಗಿಸಿ, ಹುರಿದು, ಪುಡಿ ಮಾಡಿ ಬೆರೆಸುತ್ತಾರೆ. ಅದರಲ್ಲಿ ನಿದ್ದೆ ಓಡಿಸುವ ಕೆಫೀನ್ ಇಲ್ಲವೇ ಇಲ್ಲ. ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಇಳಿಯುವುದಕ್ಕೆ ಅದನ್ನು ಹಾಕುತ್ತಾರೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ 51%ಗಿಂತ ಕಮ್ಮಿ ಇರಬಾರದು. ಎಷ್ಟು ಬೆರೆಸಿದ್ದಾರೆ ಅಂತ ಪ್ಯಾಕೆಟ್ ಮೇಲೆ ಬರೆದಿರಬೇಕು. ಓದಿ ತಗೊಳ್ಳಿ. ಕಾಫಿ ಜಾಸ್ತಿ ಬೇಕಾದರೆ 80-20 ಕೇಳಿ. ವಿಷ ಅನ್ನುವ ಮಾತು ಮಾತ್ರ ಸುಳ್ಳು.

ನನಗೆ ಭಯ ಇರುವುದು ಸಕ್ಕರೆದು. ಹೋದ ಗೌರಿ ಹಬ್ಬಕ್ಕೆ ಅತ್ತೆ ಮನೆಗೆ ಬಂದಿದ್ದೆನಲ್ಲ, ಆಗ ಕಜ್ಜಾಯದ ಹಿಟ್ಟು ತೂಗಲು ತಂದಿದ್ದ ಸ್ಕೇಲ್ ಅಲ್ಲೇ ಇತ್ತು. ಚಿಕ್ಕಪ್ಪನ ಸ್ಟೀಲ್ ಲೋಟ ಅದರ ಮೇಲಿಟ್ಟು, ಅವರು ಹಾಕಿಕೊಳ್ಳುವ ಹಾಗೇ ಎರಡು ಚಮಚ ಸಕ್ಕರೆ ಹಾಕಿದೆ. 11 ಗ್ರಾಂ. ದಿನಕ್ಕೆ ಮೂರು ಲೋಟ ಅಂದರೆ 33 ಗ್ರಾಂ. ಹೀಗೆ ಮೇಲಿಂದ ಹಾಕುವ ಸಕ್ಕರೆ ದಿನಕ್ಕೆ ಸುಮಾರು 25 ಗ್ರಾಂ ಒಳಗೇ ಇದ್ದರೆ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಚಿಕ್ಕಪ್ಪಂದು ಬರೀ ಕಾಫಿಯಲ್ಲೇ ಅದನ್ನು ದಾಟುತ್ತಿದೆ. ಮೇಲೆ ಶುಗರ್ ಬೇರೆ ಇದೆ. ಬೆಲ್ಲ ಹಾಕಿದರೂ ರಕ್ತದಲ್ಲಿ ಸಕ್ಕರೆ ಏರುತ್ತದೆ ಚಿಕ್ಕಪ್ಪ, ಬೆಲ್ಲವೂ ಬಹುಪಾಲು ಸಕ್ಕರೆಯೇ. ಮಲೆನಾಡಿನ ಬೆಲ್ಲದ ಕಾಫಿ ನನಗೂ ಪ್ರಾಣ. ಆದರೆ ಅದು ರುಚಿಗೆ, ಔಷಧಿ ಅಂತ ಅಲ್ಲ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬನ್ನಿ, ನಾಲಿಗೆ ತಾನಾಗೇ ಹೊಂದಿಕೊಳ್ಳುತ್ತದೆ.

ಈಗ ಅತ್ತೆ, ನಿಮ್ಮ ವಿಷಯ. ನಿಮ್ಮ ಹಿಮೋಗ್ಲೋಬಿನ್ 9 ಇದೆ. ಹೆಂಗಸರಿಗೆ 12 ಆದರೂ ಇರಬೇಕು. ನೀವು ತಿಂಡಿ ತಿಂದ ಕೂಡಲೇ ಕಬ್ಬಿಣದ ಮಾತ್ರೆ ಬಾಯಿಗೆ ಹಾಕಿಕೊಂಡು, ಮೇಲೆ ಬಿಸಿ ಕಾಫಿ ಕುಡಿಯುತ್ತೀರಿ. ನಾನೇ ನೋಡಿದ್ದೇನೆ. ಕಾಫಿಯಲ್ಲಿರುವ ಕೆಲವು ಅಂಶಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ, ಅದು ರಕ್ತಕ್ಕೆ ಸೇರುವುದೇ ಕಮ್ಮಿಯಾಗುತ್ತದೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದವರಿಗೆ ಕಬ್ಬಿಣಾಂಶ ಸೇರುವುದು 39% ಕಮ್ಮಿಯಾಗಿತ್ತು. ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿದರೂ ಅಷ್ಟೇ ನಷ್ಟ! ಆದರೆ ಊಟಕ್ಕೆ ಒಂದು ಗಂಟೆ ಮೊದಲೇ ಕುಡಿದವರಿಗೆ ಏನೂ ಅಡ್ಡಿ ಆಗಲಿಲ್ಲ. ನಿಮ್ಮ ಕೈಗೆ ದಾರಿ ಸಿಕ್ಕಿತು ಅಲ್ವಾ? ಎದ್ದ ಕೂಡಲೇ ಆರೂವರೆಗೆ ಕಾಫಿ ಕುಡಿಯಿರಿ, ಎಂಟೂವರೆಗೆ ತಿಂಡಿ ತಿನ್ನಿ. ಮಾತ್ರೆ 11 ಗಂಟೆಗೆ, ನಿಂಬೆಹಣ್ಣಿನ ನೀರಿನ ಜೊತೆ. ಈ ಹೊತ್ತು ಸರಿಯಾ ಅಂತ ಡಾಕ್ಟರನ್ನೂ ಒಂದು ಮಾತು ಕೇಳಿ.

ಥೈರಾಯ್ಡ್ ಮಾತ್ರೆ ತಗೊಳ್ಳುವ ಅಕ್ಕನೂ ಕೇಳಿಸಿಕೊಳ್ಳಲಿ. ಅದನ್ನು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಕಾಫಿ ಕುಡಿಯಬೇಕು. ಅಪ್ಪ, ನಿದ್ದೆ ಬರಲ್ಲ ಅಂತೀರಿ. ಸಂಜೆ ಆರಕ್ಕೆ ಕುಡಿದ ಕೆಫೀನಲ್ಲಿ ಸುಮಾರು ಅರ್ಧದಷ್ಟು, ರಾತ್ರಿ ಹನ್ನೊಂದಕ್ಕೂ ಮೈಯಲ್ಲೇ ಇರುತ್ತದೆ. ಆ ಲೋಟವನ್ನು ಮೂರು ಗಂಟೆಗೆ ತಂದುಕೊಳ್ಳಿ.

ಅತ್ತೆ, ಡಬ್ಬಿ ಇವತ್ತೇ ವಾಪಸ್ ಇಸ್ಕೊಳ್ಳಿ. ಮುಂದಿನ ತಿಂಗಳು ರಕ್ತದ ರಿಪೋರ್ಟ್ ಬಂದ ತಕ್ಷಣ ನನಗೆ ಫೋಟೋ ಕಳಿಸಿ.