ಸಹಾಯ ಬೇಕು: ಲಿಫ್ಟ್ ಮೇಲೇರುವಾಗ ಆ ಹೆಚ್ಚುವರಿ ಬಲ ಎಲ್ಲಿಂದ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ನ್ಯೂಟನ್‌ನ ಮೂರನೇ ನಿಯಮದಲ್ಲಿ (ಪ್ರತಿ ಕ್ರಿಯೆಗೂ ಅಷ್ಟೇ ಬಲದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ) ಒಂದು ವಿಷಯ ಬಿಡಿಸಿ ಹೇಳುವವರು ಬೇಕು.

ಕ್ರಿಯೆ ಒಂದು ವಸ್ತುವಿನ ಮೇಲೆ, ಪ್ರತಿಕ್ರಿಯೆ ಇನ್ನೊಂದರ ಮೇಲೆ. ಅದಕ್ಕೇ ಅವು ಒಂದನ್ನೊಂದು ರದ್ದು ಮಾಡುವುದಿಲ್ಲ. ಮೇಜಿನ ಮೇಲಿರುವ ಪುಸ್ತಕವನ್ನು ಭೂಮಿ ಎಳೆಯುತ್ತದೆ. ಅದರ ಜೋಡಿ ಮೇಜು ತಳ್ಳುವ ಬಲ ಅಲ್ಲ, ಪುಸ್ತಕವೇ ಭೂಮಿಯನ್ನು ಎಳೆಯುವ ಬಲ. ಎಷ್ಟು ಚೆಂದದ ಮಾತು! ಇಲ್ಲಿಯವರೆಗೆ ಸ್ಪಷ್ಟವಾಗಿದೆ.

ಈಗ ಲಿಫ್ಟ್ ತಗೊಳ್ಳಿ. ಒಳಗೆ 50 ಕೆಜಿಯ ಒಬ್ಬರು ನಿಂತಿದ್ದಾರೆ. ಭೂಮಿ ಅವರನ್ನು ಎಳೆಯುವುದು ಸುಮಾರು 490 ನ್ಯೂಟನ್. ಲಿಫ್ಟ್‌ನ ವೇಗ ಪ್ರತಿ ಸೆಕೆಂಡಿಗೆ 2 ಮೀ/ಸೆ. ನಷ್ಟು ಮೇಲ್ಮುಖವಾಗಿ ಹೆಚ್ಚುತ್ತಿದ್ದರೆ, ನೆಲ ಅವರನ್ನು 590 ನ್ಯೂಟನ್ ಬಲದಿಂದ ತಳ್ಳಬೇಕು. ಲೆಕ್ಕ ಸರಿಯಾಗೇ ಬರುತ್ತದೆ. ಹಾಗಾದರೆ ಅವರೂ ನೆಲವನ್ನು ಅಷ್ಟೇ ಬಲದಿಂದ ಒತ್ತಬೇಕು ಅಲ್ವಾ? ಆದರೆ ಅವರು ಸುಮ್ನೆ ನಿಂತಿದ್ದಾರೆ, ಭೂಮಿಯ ಎಳೆತವೂ ಜಾಸ್ತಿ ಆಗಿಲ್ಲ. ಆ 100 ನ್ಯೂಟನ್ ಹುಟ್ಟುವುದು ಹೇಗೆ? ಅಂಗಾಲು ಮತ್ತು ನೆಲ ಪರಸ್ಪರ ಇನ್ನಷ್ಟು ಅಮುಕಿಕೊಳ್ಳುವುದರಿಂದಲೇ?

ಸೂತ್ರಗಳು ನನ್ನ ಹತ್ತಿರ ಇವೆ. ಯಾವ ವಸ್ತು ಯಾವುದನ್ನು ತಳ್ಳುತ್ತದೆ ಅಂತ ಬಾಣ ಹಾಕಿ ಒಂದು ಚಿತ್ರ ಬಿಡಿಸಿ ತೋರಿಸಿದರೆ ದೊಡ್ಡ ಉಪಕಾರ.